ಕಾಗೆ ಬರಬಾರದ ದ್ವೀಪ

ಖಾಸಗಿ ದ್ವೀಪವೊಂದಕ್ಕೆ ರಜೆ ಕಳೆಯಲು ಹೋಗುತ್ತಿದ್ದೇನೆ ಎಂದರೆ ಜನ ಏನು ಊಹಿಸಿಕೊಳ್ಳುತ್ತಾರೆಂದು ನನಗೆ ಗೊತ್ತಿದೆ. ನೀಲಿ ನೀರು, ಸುಣ್ಣ ಬಳಿದ ಬಿಳಿ ಮನೆ, ಆಲಿವ್ ಮರ, ಅಗಲ ಟೊಪ್ಪಿ ಹಾಕಿಕೊಂಡು ಏನನ್ನೋ ಹೀರುತ್ತ ಕೂತ ಹೆಂಗಸು. ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ, ಬೆಂಗಳೂರಿನವಳು, ನನ್ನ ಹಾಗೇ ಸ್ವೀಡನ್ನಿಗೆ ಬಂದವಳು, ನನಗಿಂತ ಸುಮಾರು ಚಿಕ್ಕವಳು. ಫೋನಿನಲ್ಲಿ ಹೇಳಿದಾಗ ಅವಳು ಕಿರುಚಿಯೇಬಿಟ್ಟಳು.

"ಅಕ್ಕಾ, ಪ್ರೈವೇಟ್ ಐಲ್ಯಾಂಡಾ? ಗ್ರೀಸ್ ಥರಾನಾ? ಸ್ವಿಮ್ಮಿಂಗ್ ಪೂಲ್ ಎಲ್ಲಾ ಇದ್ಯಾ?"

"ಕಕ್ಕಸು ಹೊರಗಡೆ ಇದೆ. ನೀರು ಬಾವೀದು. ಕರೆಂಟಿಲ್ಲ."

"ಮತ್ತೆ ಯಾಕ್ ಹೋಗ್ತಿದೀರಾ?"

"ಬಾತುಕೋಳಿ ಕಾಯೋಕೆ."

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು. ಆಮೇಲೆ ಮೆತ್ತಗೆ, "ಅಕ್ಕಾ, ನೀವು ಓಕೆ ಇದೀರಾ? ಈ ವೀಕೆಂಡ್ ಮನೇಗ್ ಬನ್ನಿ, ಬಿಸಿಬೇಳೆಬಾತ್ ಮಾಡ್ತೀನಿ" ಅಂದಳು. ಪಾಪ, ಒಳ್ಳೆಯ ಹುಡುಗಿ. ಆದರೆ ಅವಳ ಮನೆಯಲ್ಲಿ ಗಂಡ, ಎರಡು ಮಕ್ಕಳು, ಮಕ್ಕಳ ಸ್ವೀಡಿಷ್, ಟಿವಿ. ಅಲ್ಲಿಗೆ ಹೋಗಿ ಬಂದ ಮೇಲೆ ನನ್ನ ಮನೆ ಇನ್ನಷ್ಟು ಖಾಲಿ ಅನ್ನಿಸುತ್ತಿತ್ತು, ಅದಕ್ಕೇ ಹೋಗುವುದನ್ನು ಕಡಿಮೆ ಮಾಡಿದ್ದೆ.

ನಾನು ಓಕೆ ಇರಲಿಲ್ಲ. ಮೋಲ್ನ್‌ಡಾಲ್‌ನ ಔಷಧ ಸಂಶೋಧನಾ ಕೇಂದ್ರವೊಂದರಲ್ಲಿ ನನ್ನ ಕೆಲಸ. ದಿನವಿಡೀ ಕೈಗವಸು ತೊಟ್ಟು ಜೀವಕೋಶಗಳಿಗೆ ಊಟ ಹಾಕುವುದು, ಅವು ಸತ್ತರೆ ಯಾಕೆ ಸತ್ತವೆಂದು ತಲೆ ಕೆಡಿಸಿಕೊಳ್ಳುವುದು. ಸಹೋದ್ಯೋಗಿಗಳು ಕೆಟ್ಟವರಲ್ಲ. ಫಿಕಾ ಅನ್ನುವ ಕಾಫಿ ವಿರಾಮಕ್ಕೆ ಕರೆಯುತ್ತಾರೆ, ಕಾಫಿಯ ಜೊತೆ ಚಕ್ಕೆಪುಡಿಯ ಬನ್ನು ಕೊಡುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ, ಗಡಿಯಾರ ನೋಡಿ ಎದ್ದು ಹೋಗುತ್ತಾರೆ. ಇಷ್ಟು ವರ್ಷಗಳಲ್ಲಿ ಅವರಲ್ಲೊಬ್ಬರೂ ನನ್ನ ಮನೆಯ ಹೊಸ್ತಿಲು ದಾಟಿಲ್ಲ. ನಾನೂ ಕರೆದಿಲ್ಲ ಅನ್ನಿ. ತುಮಕೂರಿನಲ್ಲಿ ಅಮ್ಮ ಇರುವ ತನಕ ಇದು ಅಷ್ಟಾಗಿ ತಿಳಿದಿರಲಿಲ್ಲ. ದಿನಾ ಫೋನು ಮಾಡಿದರೆ ಅವಳು ತನ್ನ ಹೊಲಿಗೆ ಕ್ಲಾಸಿನ ಹುಡುಗಿಯರ ಕಥೆ ಹೇಳುವಳು, ನನ್ನ ಅಡುಗೆಯನ್ನು ಹೀಯಾಳಿಸುವಳು, ಸಾಕು ಇಡು ಎಂದು ಅವಳೇ ಮೊದಲು ಕತ್ತರಿಸುವಳು. ಅವಳು ಹೋದ ಮೇಲೆ ನನ್ನನ್ನು ಕನ್ನಡದಲ್ಲಿ ಬೈಯುವವರು ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ.

ದ್ವೀಪದ ಒಡತಿ ನನಗೆ ಸಿಕ್ಕಿದ್ದು ಗ್ರಂಥಾಲಯದಲ್ಲಿ. ಅಲ್ಲಿ ವಾರಕ್ಕೊಮ್ಮೆ ನಿವೃತ್ತರಾದವರು ಬಂದು ನಮ್ಮಂಥ ಹೊರಗಿನವರ ಜೊತೆ ಸ್ವೀಡಿಷ್ ಮಾತಾಡುತ್ತಾರೆ, ಕಾಫಿ ಪುಕ್ಕಟೆ. ಬೇರೆಯವರೆಲ್ಲ ನಿನ್ನ ದೇಶದಲ್ಲಿ ಸೆಖೆಯಾ, ಮಸಾಲೆ ಜಾಸ್ತಿಯಾ ಎಂದು ಕೇಳಿದರೆ ಈಕೆ, "ನಿನ್ನ ಮುಖ ಯಾಕೆ ಹಾಗಿದೆ? ಯಾರು ಸತ್ತರು?" ಎಂದು ಕೇಳಿದರು. ಈ ದೇಶದಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಗೋಥೆನ್‌ಬರ್ಗ್‌ನಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದವರು, ಮದುವೆಯಾಗದವರು, ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಅವರ ತಂಗಿ ಆ ಚಳಿಗಾಲದಲ್ಲಷ್ಟೇ ತೀರಿಕೊಂಡಿದ್ದರು. ಹಾಗಾಗಿ ಆ ವಸಂತದಲ್ಲಿ ದ್ವೀಪದಲ್ಲಿ ಬಾತು ಕಾಯಲು ಇನ್ನೊಂದು ಜೊತೆ ಕಣ್ಣು ಬೇಕಾಗಿತ್ತು. ಕೂಡಿಟ್ಟಿದ್ದ ರಜೆಯನ್ನೆಲ್ಲ ಒಟ್ಟಿಗೆ ಬರೆದುಕೊಟ್ಟು ಮೇ ತಿಂಗಳ ಆರಂಭದಲ್ಲಿ ಅವರ ಹಿಂದೆ ಹೊರಟೆ.

ಟ್ರಾಮ್ ಓಡಿಸಿದವರಿಗೆ ಸ್ವಂತ ದ್ವೀಪ ಎಲ್ಲಿಂದ ಬಂತು ಎಂದು ಕೇಳಬೇಡಿ, ಅದು ಶ್ರೀಮಂತರ ಆಸ್ತಿಯಲ್ಲ. ಬೋಹುಸ್‌ಲ್ಯಾನ್ ಕರಾವಳಿಯ ಹೊರಗೆ ಸಮುದ್ರದಲ್ಲಿ ಚೆಲ್ಲಿದಂತೆ ಬಿದ್ದಿರುವ ಬಂಡೆಗಳಲ್ಲಿ ಅದೂ ಒಂದು. ಹಿಮಗಡ್ಡೆ ಸಾವಿರಾರು ವರ್ಷ ಉಜ್ಜಿ ಉಜ್ಜಿ ನುಣುಪು ಮಾಡಿದ ನಸುಗೆಂಪು ಕಲ್ಲು, ಬಿರುಕುಗಳಲ್ಲಿ ಗುಲಾಬಿ ಬಣ್ಣದ ಸಣ್ಣ ಹೂ, ತಗ್ಗಿನಲ್ಲಿ ಗಾಳಿಗೆ ಹೆದರಿ ನೆಲಕ್ಕೆ ಅಂಟಿಕೊಂಡ ಜುನಿಪರ್ ಪೊದೆ. ಮರವೆಂಬುದೇ ಇಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದರೆ ಕಾಫಿ ಆರುವುದರೊಳಗೆ ವಾಪಸ್ ಬರಬಹುದು.

ಅಷ್ಟು ಚಿಕ್ಕ ಕಲ್ಲಿಗೆ ಎಷ್ಟು ಚರಿತ್ರೆ ಅಂದರೆ, ನಮ್ಮ ತುಮಕೂರಿನ ಬೀದಿಗೂ ಅಷ್ಟಿಲ್ಲ. ಬಂದವರು, ಇದ್ದವರು, ಹೋದವರು. ಹಿಂದೆ ಈ ಕಡಲಿಗೆ ಹೆರಿಂಗ್ ಮೀನು ಲೆಕ್ಕವಿಲ್ಲದಷ್ಟು ಬಂದ ಕಾಲದಲ್ಲಿ ಇಲ್ಲಿ ಮೀನು ಬೇಯಿಸಿ ಎಣ್ಣೆ ತೆಗೆಯುತ್ತಿದ್ದರಂತೆ. ಆ ಮನೆಯ ಅಡಿಪಾಯ ಈಗಲೂ ಇದೆ, ಒಳಗೆ ತುರಿಕೆ ಗಿಡ ಬೆಳೆದಿದೆ. ಒಂದು ವರ್ಷ ಮೀನು ಬರಲಿಲ್ಲ, ಮರುವರ್ಷವೂ ಬರಲಿಲ್ಲ, ಜನ ಜಾಗ ಖಾಲಿ ಮಾಡಿದರು. ಆಮೇಲೆ ಕಲ್ಲು ಒಡೆಯುವವರು ಬಂದು ಬಂಡೆಯಲ್ಲಿ ಸಾಲಾಗಿ ತೂತು ಕೊರೆದು ಅರ್ಧಕ್ಕೇ ಬಿಟ್ಟು ಹೋದರು. ಉತ್ತರದ ಕೊಲ್ಲಿಯ ಮೇಲೆ ಅಲೆ ತಂದು ಹಾಕಿದ ನಾವಿಕರ ಸಮಾಧಿಗಳಿವೆ. ಯಾರ ಹೆಸರೂ ಗೊತ್ತಿಲ್ಲದ್ದರಿಂದ ಕಲ್ಲಿನ ಮೇಲೆ ಏನೂ ಬರೆದಿಲ್ಲ. ಕೊನೆಗೆ ಹಡಗುಗಳಿಗೆ ದಾರಿ ತೋರಿಸುವ ಕೆಲಸದವನೊಬ್ಬ ಬಂದು ಮರದ ಮನೆ ಕಟ್ಟಿದ. ಅವನೇ ನನ್ನ ಒಡತಿಯ ಮುತ್ತಾತ. ಯಾರಿಗೂ ಬೇಡದ ಬಂಡೆ ಅವನಿಗೆ ದಕ್ಕಿತು.

ಅವನ ಸೊಸೆ, ಅಂದರೆ ಒಡತಿಯ ಅಜ್ಜಿ, ನಾರ್ವೆಯ ಉತ್ತರದ ತುದಿಯಿಂದ ಬಂದವಳು. ಐಡರ್ ಎಂಬ ಕಡಲ ಬಾತುಗಳಿಗೆ ಮನೆ ಕಟ್ಟಿಕೊಡುವ ಪದ್ಧತಿಯನ್ನು ತಂದವಳು ಅವಳೇ. ಮೂರು ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೊಂದು ಮುಚ್ಚಿದರೆ ಮನೆಯಾಯಿತು, ಒಳಗೆ ಒಣಗಿದ ಸಮುದ್ರಪಾಚಿಯ ಹಾಸಿಗೆ. ಹೆಣ್ಣು ಬಾತು ಬಂದು ಮೊಟ್ಟೆಯಿಟ್ಟು, ತನ್ನ ಎದೆಯ ತುಪ್ಪಳ ಕಿತ್ತು ಸುತ್ತ ಹೊದಿಸಿ, ಹೆಚ್ಚುಕಡಿಮೆ ಒಂದು ತಿಂಗಳು ಅನ್ನ ಆಹಾರವಿಲ್ಲದೆ ಕೂರುತ್ತದೆ. ಗಂಡು ಕಪ್ಪು ಬಿಳುಪಿನ ಭಾರೀ ಸೊಗಸುಗಾರ. ಹೆಂಡತಿ ಕಾವಿಗೆ ಕೂತದ್ದೇ ತಡ, ಗೆಳೆಯರ ಜೊತೆ ಸಮುದ್ರಕ್ಕೆ ಪರಾರಿ. ಮರಿಗಳು ನೀರಿಗಿಳಿದ ಮೇಲೆ ಮನೆಯವರು ಆ ತುಪ್ಪಳ ಬಿಡಿಸಿ ರಜಾಯಿಗೆ ತುಂಬುತ್ತಿದ್ದರು. ಕಾವಲು ನಿಮಗೆ, ತುಪ್ಪಳ ನಮಗೆ ಎಂಬ ಒಪ್ಪಂದ.

ಒಡತಿಯ ಬಾಲ್ಯದಲ್ಲಿ ಎಲ್ಲ ಕಲ್ಲುಮನೆಗಳೂ ಭರ್ತಿಯಾಗುತ್ತಿದ್ದವಂತೆ. ಆಮೇಲೆ ಮಿಂಕ್ ಎಂಬ ಮುಂಗುಸಿಯಂಥ ಪ್ರಾಣಿ ಈಜಿ ಬರತೊಡಗಿತು, ಹದ್ದುಗಳು ಹೆಚ್ಚಿದವು, ಸಮುದ್ರದಲ್ಲೂ ಏನೋ ಕೆಟ್ಟಿತು. ಆ ವರ್ಷ ಬಂದದ್ದು ಒಂದೇ ಒಂದು ಬಾತು. ಪಡುವಣ ದಿಕ್ಕಿನ ಮನೆಯಲ್ಲಿ ಕೂತಿತ್ತು, ಬೋಟಿನಿಂದ ಇಳಿಯುತ್ತಲೇ ಒಡತಿ ದುರ್ಬೀನಿನಲ್ಲಿ ನೋಡಿ ಕಣ್ಣೊರೆಸಿಕೊಂಡರು.

ಆ ಒಂದು ಬಾತಿನ ಮೇಲೆ ಎಷ್ಟು ನಿಂತಿತ್ತೆಂದು ಅಂದೇ ಸಂಜೆ ಹೇಳಿದರು. ದ್ವೀಪದಲ್ಲಿ ಅರ್ಧ ಪಾಲು ತಂಗಿಯದು, ಈಗ ಅದು ತಂಗಿಯ ಗಂಡುಮಕ್ಕಳದು. ಬೇಸಿಗೆ ಮನೆ ಕಟ್ಟಿಸುವ ಯಾರಿಗೋ ಮಾರಲು ಅವರು ತುದಿಗಾಲಲ್ಲಿದ್ದಾರೆ, ಒಡತಿಯ ಸಹಿಯೊಂದು ಬಾಕಿ.

"ಹೆಣ್ಣು ಮರಿ ತಾನು ಹುಟ್ಟಿದ ದ್ವೀಪಕ್ಕೇ ಮೊಟ್ಟೆ ಇಡೋಕೆ ವಾಪಸ್ ಬರುತ್ತೆ. ಈ ಸಲ ಮರಿಗಳು ನೀರಿಗಿಳಿದರೆ ನಾನು ಸಹಿ ಹಾಕಲ್ಲ. ಮೊಟ್ಟೆ ಹಾಳಾದರೆ ಇನ್ನು ಬರೋರು ಯಾರೂ ಇಲ್ಲ. ಆಗ ಹುಡುಗರು ಏನಾದರೂ ಮಾಡಿಕೊಳ್ಳಲಿ" ಎಂದರು.

ಕಾವಿನ ಕಾಲದ ನಿಯಮಗಳನ್ನು ಅಜ್ಜಿಯ ಕಾಲದಿಂದ ಪಾಲಿಸಿಕೊಂಡು ಬಂದಿದ್ದರು. ಗಟ್ಟಿ ಮಾತಿಲ್ಲ. ಬಟ್ಟೆ ಹೊರಗೆ ಒಣಹಾಕುವಂತಿಲ್ಲ. ಹೊರಗೆ ಬೆಂಕಿ ಹಚ್ಚುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ತಿನ್ನುವ ಪದಾರ್ಥ ಒಂದಗುಳೂ ಹೊರಗೆ ಬೀಳಬಾರದು, ಸಿಪ್ಪೆ, ಮುಳ್ಳು ಎಲ್ಲ ಡಬ್ಬಿಯಲ್ಲಿ ಹಾಕಿ ಊರಿಗೆ ಒಯ್ಯಬೇಕು. ಯಾಕೆಂದರೆ ಅನ್ನ ಕಂಡರೆ ಕಾಗೆ ಬರುತ್ತದೆ, ಕಾಗೆ ಬಂದರೆ ಮೊಟ್ಟೆ ಹುಡುಕುತ್ತದೆ. "ಈ ದ್ವೀಪಕ್ಕೆ ಯಾರು ಬೇಕಾದರೂ ಬರಬಹುದು, ಕಾಗೆ ಮಾತ್ರ ಬರಕೂಡದು" ಎನ್ನುತ್ತಿದ್ದರು. ನಾನು ತಲೆಯಾಡಿಸಿದೆ. ಇಲ್ಲಿನ ಕಾಗೆಗೆ ಮೈ ಬೂದು, ತಲೆ ರೆಕ್ಕೆ ಕಪ್ಪು. ದೂರದಿಂದ ನಮ್ಮೂರ ಕಾಗೆಯೇ, ಹತ್ತಿರದಿಂದ ಅಂಗಿ ಅದಲುಬದಲಾದ ಹಾಗೆ.

ಅಲ್ಲಿ ದಿನಗಳು ಉದ್ದ. ಬೆಳಿಗ್ಗೆ ಅವರು ಒಂದು ಬಂಡೆ, ನಾನೊಂದು ಬಂಡೆ, ನಡುವೆ ಬಾತು. ನೋಡುವುದಕ್ಕೆ ಏನಿದೆ? ಕಂದು ಬಣ್ಣದ ಹಕ್ಕಿಯೊಂದು ಕಲ್ಲಿನ ಕೆಳಗೆ ಕೂತಿದೆ. ಅಷ್ಟೆ. ಮೊದಲ ವಾರ ನನಗೆ ಹುಚ್ಚು ಹಿಡಿಯುವಂತಾಯಿತು. ಫೋನಿಗೆ ಸಿಗ್ನಲ್ ಒಮ್ಮೆ ಬಂದರೆ ಬಂತು. ಗಾಳಿ ಕಿವಿಯೊಳಗೆ ಮನೆ ಮಾಡಿತು. ಆಮೇಲೆ ನಿಧಾನಕ್ಕೆ ಗೊತ್ತಾಯಿತು, ಇಲ್ಲಿ ನಾನು ಒಂಟಿಯಾಗಿರುವುದಕ್ಕೆ ಕಾರಣ ಕಣ್ಣಿಗೆ ಕಾಣುತ್ತದೆ: ಸುತ್ತ ನೀರಿದೆ. ಮೋಲ್ನ್‌ಡಾಲ್‌ನಲ್ಲಿ ಅಂಥ ನೆಪವೂ ಇರಲಿಲ್ಲ.

ಹಾಗಿರುವಾಗ ಅಮ್ಮನ ತಿಥಿ ಬಂತು. ವೈಶಾಖದ ಕೃಷ್ಣಪಕ್ಷ. ನಾನು ಒಬ್ಬಳೇ ಮಗಳು. ಊರಿನಲ್ಲಿ ಕರ್ಮಗಳನ್ನೆಲ್ಲ ಮಾಡಿದ್ದು ಚಿಕ್ಕಪ್ಪನ ಮಗ. ವರ್ಷಕ್ಕೊಮ್ಮೆ ಕಾಗೆಗೆ ಒಂದು ಹಿಡಿ ಅನ್ನ ಇಡೋಣವೆಂದು ಹಿಂದಿನ ವರ್ಷ ನಾನು ಬಾಲ್ಕನಿಯಲ್ಲಿ ಇಟ್ಟಿದ್ದೆ. ಕಾಗೆ ಬರುವ ಮೊದಲು ವಸತಿ ಸಂಘದವರ ಚೀಟಿ ಬಂದಿತ್ತು, ಹಕ್ಕಿಗಳಿಗೆ ಆಹಾರ ಹಾಕಬೇಡಿ ಎಂದು. ಈ ವರ್ಷ ಇಲ್ಲಿ ಚೀಟಿಯಿಲ್ಲ, ಆದರೆ ಬಾತು ಇದೆ. ಮೊಸರನ್ನ ಕಲಸಿ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಅಳುವಾಗಿ ಇಳಿಯಿತು.

ಒಡತಿ ಬಂದು ಎದುರಿಗೆ ಕೂತು, ಏನು ಸಮಾಚಾರ ಎಂದು ಕೇಳಿದರು. ನನ್ನ ಹರುಕುಮುರುಕು ಸ್ವೀಡಿಷ್‌ನಲ್ಲಿ ಹೇಳಿದೆ. ಸತ್ತವರು ಕಾಗೆಯಾಗಿ ಬರುತ್ತಾರೆ. ಇಟ್ಟ ಅನ್ನ ಮುಟ್ಟಿದರೆ ತೃಪ್ತಿಯಾಗಿದ್ದಾರೆ ಎಂದರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ಮನೆಯವರು ನಿಂತು ಒಬ್ಬೊಬ್ಬರಾಗಿ ಮಾತು ಕೊಡುತ್ತಾರೆ, ಇದು ಮಾಡುತ್ತೇವೆ, ಅದು ಮಾಡುತ್ತೇವೆ ಎಂದು. ಸರಿಯಾದ ಮಾತು ಬಿದ್ದಾಗ ಕಾಗೆ ಇಳಿಯುತ್ತದೆ.

"ನೀನು ನೋಡಿದ್ದೀಯಾ?"

ನೋಡಿದ್ದೆ. ಅಪ್ಪ ಹೋದಾಗ ನಾನಿನ್ನೂ ಹೈಸ್ಕೂಲು. ಕಾಗೆಗಳು ತೆಂಗಿನ ಗರಿಯ ಮೇಲೆ ಕೂತೇ ಇದ್ದವು. ಚಿಕ್ಕಪ್ಪ ಏನೇನೋ ಹೇಳಿದರು, ಸೋದರತ್ತೆ ಹೇಳಿದರು, ಬಿಸಿಲು ಏರಿತು, ಒಂದೂ ಇಳಿಯಲಿಲ್ಲ. ಕೊನೆಗೆ ಅಮ್ಮ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು, "ರೀ, ಮಗೂನ ಅವಳು ಎಲ್ಲೀತನಕ ಓದ್ತೀನಿ ಅಂತಾಳೋ ಅಲ್ಲೀತನಕ ಓದುಸ್ತೀನಿ, ಮದುವೆ ಅಂತ ಕಟ್ಟಾಕಲ್ಲ" ಎಂದು ಕೂಗಿ ಹೇಳಿದಳು. ಹೇಳಿ ಮುಗಿಯುವುದರೊಳಗೆ ಕಾಗೆ ಎಲೆಯ ಮೇಲಿತ್ತು. ಮುಂದೆ ಎಷ್ಟು ಜನ ಬೈದರೂ ಅಮ್ಮ ಆ ಮಾತಿನಿಂದ ಕದಲಲಿಲ್ಲ. ನಾನು ಸ್ವೀಡನ್ನಿನಲ್ಲಿ ಇರುವುದಕ್ಕೆ ಆ ಕಾಗೆಯೇ ಕಾರಣ ಎಂದು ನಗುತ್ತಲೇ ಹೇಳಿದೆ. ಒಡತಿ ನಗಲಿಲ್ಲ. ತುಂಬ ಹೊತ್ತು ಮೇಜಿನ ಮೇಲಿನ ಗೆರೆಗಳನ್ನು ಉಗುರಿನಿಂದ ತೀಡುತ್ತಿದ್ದರು.

"ನನ್ನ ತಂಗಿಗೆ ಮೆಡಿಟರೇನಿಯನ್ ತೀರದಲ್ಲಿ ಒಂದು ಬಾಲ್ಕನಿ ಬೇಕಿತ್ತು" ಎಂದರು ಆಮೇಲೆ. "ಕೀಲುನೋವು ಅವಳಿಗೆ. ಈ ಗಾಳಿ ಆಗ್ತಿರಲಿಲ್ಲ. ದ್ವೀಪ ಮಾರಿ ಸ್ಪೇನ್‌ನಲ್ಲಿ ಚಿಕ್ಕದೊಂದು ಮನೆ ತಗೊಳ್ಳೋಣ, ಇಬ್ಬರೂ ಬಿಸಿಲಲ್ಲಿ ಕೂರೋಣ ಅಂತ ಎಷ್ಟು ವರ್ಷ ಕೇಳಿದಳು. ನಾನು ಬಾತು ಬಾತು ಅಂದೆ. ಅವಳು ಪ್ರತಿ ವಸಂತ ಬಂದು, ಕಂಬಳಿ ಹೊದ್ದು, ಆ ಬಂಡೆ ಮೇಲೆ ಕೂರ್ತಿದ್ದಳು."

ಅದು ಈಗ ನಾನು ಕೂರುತ್ತಿದ್ದ ಬಂಡೆ. ಮೊಸರನ್ನವನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಮರುದಿನ ಬೆಳಿಗ್ಗೆ ಕಾಫಿಗೆ ನೀರಿಟ್ಟು ಕಿಟಕಿಯಿಂದ ನೋಡಿದರೆ ಒಡತಿ ದ್ವೀಪದ ಎತ್ತರದ ಬಂಡೆಯ ಮೇಲೆ ನಿಂತಿದ್ದಾರೆ. ಪಕ್ಕದಲ್ಲಿ ತಟ್ಟೆ. ತಟ್ಟೆಯಲ್ಲಿ ಬೇಯಿಸಿದ ಆಲೂಗೆಡ್ಡೆ, ಉಪ್ಪಿನಲ್ಲಿ ಹಾಕಿದ ಹೆರಿಂಗ್. ಅಜ್ಜಿಯ ಕಾಲದ ನಿಯಮವನ್ನು ಜೀವಮಾನವಿಡೀ ಕಾಯ್ದ ಹೆಂಗಸು ಆಕಾಶ ನೋಡಿಕೊಂಡು ಏನನ್ನೋ ಹೇಳುತ್ತಿದ್ದಾರೆ. ಗಾಳಿಗೆ ಒಂದು ಮಾತೂ ಕೇಳಿಸಲಿಲ್ಲ. ಕಾಗೆಯೊಂದು ಆಚೆ ಬಂಡೆಯಲ್ಲಿ ಕುಪ್ಪಳಿಸುತ್ತಿತ್ತು. ಅವರು ಹೇಳಿದರು, ನಿಲ್ಲಿಸಿದರು, ಮತ್ತೆ ಹೇಳಿದರು. ಕಾಗೆ ಹಾರಿ ಬಂದು ತಟ್ಟೆಯ ಅಂಚಿಗೆ ಕೂತಿತು.

ನಾನು ಓಡಿದೆ. "ನೀವೇ ಹೇಳಿದ್ರಿ ಕಾಗೆ ಬರಕೂಡದು ಅಂತ! ಮೊಟ್ಟೆ ಗತಿ ಏನು?" ಎಂದು ಗಟ್ಟಿಯಾಗಿಯೇ ರೇಗಿದೆ. ಅವರ ಕೆನ್ನೆ ಒದ್ದೆಯಾಗಿತ್ತು, ಮುಖ ಮಾತ್ರ ಹಗುರವಾಗಿತ್ತು.

"ತಿಂದಳು" ಎಂದರು. ಏನು ಹೇಳಿದಿರಿ ಎಂದು ಕೇಳಿದರೆ, "ಅದು ನಮ್ಮಿಬ್ಬರ ಮಾತು" ಎಂದು ತಟ್ಟೆ ಎತ್ತಿಕೊಂಡು ಹೊರಟರು.

ಕಾಗೆಗೇನು, ರುಚಿ ಹತ್ತಿತು. ಮಾರನೆಯ ದಿನ ಜೊತೆಗಾರನನ್ನು ಕರೆತಂದಿತು. ಅಲ್ಲಿಂದ ಮುಂದೆ ಕಾವಲು ಎಂದರೆ ನಿಜವಾದ ಕಾವಲು. ಊಟ ಸರದಿಯ ಮೇಲೆ, ಮಳೆ ಬಂದರೆ ರೇನ್‌ಕೋಟು, ಕೈಯಲ್ಲಿ ದೋಣಿಯ ಹುಟ್ಟು. ಕಾಗೆಗಳು ಗೂಡಿನ ಹತ್ತಿರ ಇಳಿದರೆ ನಾವು ಎದ್ದು ನಿಲ್ಲಬೇಕು, ಆದರೆ ಬಾತು ಬೆಚ್ಚುವಷ್ಟು ಹತ್ತಿರ ಹೋಗಬಾರದು. ಇದೆಲ್ಲ ನನ್ನ ಬಾಯಿಂದಲೇ ಆದದ್ದಲ್ಲವೇ ಎಂದು ಕೈ ಕೈ ಹಿಸುಕಿಕೊಂಡೆ. ಬಾತು ಮಾತ್ರ ಅಲ್ಲಾಡಲಿಲ್ಲ. ಕಾಗೆ ಚಪ್ಪಡಿಯ ಮೇಲೇ ಬಂದು ಬಗ್ಗಿ ನೋಡಿದಾಗಲೂ ಕತ್ತು ಮಾತ್ರ ಇನ್ನಷ್ಟು ಒಳಗೆಳೆದುಕೊಂಡು ಕೂತಿತು. ಅದನ್ನು ನೋಡಿ ನನಗೆ ಅಮ್ಮನ ನೆನಪಾಯಿತು ಎಂದರೆ ಸುಳ್ಳಾಗುತ್ತದೆ; ನನಗೆ ಬರೀ ಭಯವಾಗಿತ್ತು.

ಜೂನ್ ಆರಂಭದ ಒಂದು ಬೆಳಿಗ್ಗೆ ಕಲ್ಲಿನ ಕೆಳಗಿನಿಂದ ಕಪ್ಪು ಉಂಡೆಗಳು ಹೊರಬಂದವು. ತಾಯಿ ಮುಂದೆ, ಉಂಡೆಗಳು ಹಿಂದೆ ಉರುಳುತ್ತ ಬೀಳುತ್ತ. ನಾವಿಬ್ಬರೂ ಎರಡು ಕಡೆ ಹುಟ್ಟು ಹಿಡಿದು ಪೊಲೀಸರ ಹಾಗೆ ನಿಂತಿದ್ದೆವು. ಕೊನೆಯ ಮರಿ ನೀರಿಗೆ ಬಿದ್ದು ತೇಲಿದಾಗ ನಾನು ನಿಯಮ ಮರೆತು ಕೂಗಿದೆ, ಕುಣಿದೆ. ಓಡಿಹೋಗಿ ಅವರನ್ನು ತಬ್ಬಿಕೊಂಡೆ. "ಇನ್ನು ಸಹಿ ಹಾಕಬೇಕಾಗಿಲ್ಲ! ದ್ವೀಪ ಉಳೀತು!" ಎಂದೆ.

ಅವರು ನನ್ನ ತೋಳುಗಳನ್ನು ಮೆಲ್ಲಗೆ ಬಿಡಿಸಿದರು.

"ಮಾರ್ತೀನಿ ಅಂತ ಹೇಳಿದೆ ಅವತ್ತು. ಮೊದಲು ಬೇರೆ ಏನೇನೋ ಹೇಳಿ ನೋಡಿದೆ. ತಪ್ಪಾಯ್ತು ಅಂದೆ. ನಿನ್ನ ಸಮಾಧಿಗೆ ದಿನಾ ಹೂವು ತರ್ತೀನಿ ಅಂದೆ. ಬರಲಿಲ್ಲ. ಮಾರ್ತೀನಿ ಅಂದೆ, ಬಂದಳು."

"ಅಯ್ಯೋ, ಅದು ಕಾಗೆ! ಅದಕ್ಕೆ ಮೀನಿನ ವಾಸನೆ ಬಂತು, ಇಳೀತು. ನಮ್ಮ ಕಡೆ ಅದು ಒಂದು ನಂಬಿಕೆ ಅಷ್ಟೆ. ನಾನು ವಿಜ್ಞಾನ ಓದಿದವಳು ಹೇಳ್ತಿದ್ದೀನಿ, ಕೇಳಿ."

"ನಿಮ್ಮಮ್ಮನೂ ಮೀನಿನ ವಾಸನೆ ಅಂದಿದ್ದರೆ ನೀನೆಲ್ಲಿ ಇರ್ತಿದ್ದೆ?"

ಕೆಳಗೆ ಬಾತು ಮರಿಗಳನ್ನು ಕರೆದುಕೊಂಡು ಹೊರಗಿನ ಬಂಡೆಗಳ ಕಡೆಗೆ ಸಾಗುತ್ತಿತ್ತು. ಬರುವ ವರ್ಷಗಳಲ್ಲಿ ಅವು ಮರಳಿದರೆ ಇಲ್ಲಿ ಯಾರದೋ ಸಂಗೀತ, ನಾಯಿ, ಮರದ ಜಗಲಿ ಇರುತ್ತವೆ. ಒಡತಿಗೂ ಅದು ಗೊತ್ತಿತ್ತು. ಗೊತ್ತಿದ್ದೂ, ಅವು ಕಾಣದಾಗುವ ತನಕ ದುರ್ಬೀನು ಇಳಿಸಲಿಲ್ಲ.

ಹೊರಡುವ ದಿನ ನಾವು ಕಿಟಕಿಗಳ ಹಲಗೆ ಮುಚ್ಚಿ ಸಾಮಾನು ಕಟ್ಟಿದೆವು. ಗೂಡಿನ ತುಪ್ಪಳವನ್ನು ಅವರು ತೆಗೆಯಲಿಲ್ಲ, ಅಲ್ಲೇ ಬಿಟ್ಟರು. ಬೋಟಿಗೆ ಇನ್ನೂ ಸಮಯವಿತ್ತು. "ಈಗ ಮೊಟ್ಟೆ ಇಲ್ಲ. ನಿಮ್ಮಮ್ಮನಿಗೆ ಇಡು" ಎಂದರು.

ತಿಥಿ ದಾಟಿಹೋಗಿತ್ತು. ಆದರೂ ಒಂದು ಲೋಟ ಅಕ್ಕಿ ಬೇಯಿಸಿ, ಉಳಿದ ಮೊಸರು ಕಲಸಿ, ಎತ್ತರದ ಬಂಡೆಯ ಮೇಲೆ ಒಂದು ಹಿಡಿ ಇಟ್ಟೆ. ಆ ಎರಡು ಕಾಗೆಗಳು ಇನ್ನೂ ಅಲ್ಲೇ ಸುಳಿಯುತ್ತಿದ್ದವು, ನಮ್ಮನ್ನು ಚೆನ್ನಾಗಿ ಬಲ್ಲವು. ಒಂದು ಹತ್ತಿರ ಬಂದು ಕೂತಿತು. ಕತ್ತು ಓರೆ ಮಾಡಿ ಅನ್ನ ನೋಡಿತು, ನನ್ನನ್ನು ನೋಡಿತು. ಇಳಿಯಲಿಲ್ಲ.

"ಏನಾದರೂ ಹೇಳು" ಎಂದರು ಹಿಂದಿನಿಂದ. "ಅವರಿಗೆ ಏನು ಬೇಕಿತ್ತು?"

ನನಗೆ ಹುಡುಕಬೇಕಾಗಿರಲಿಲ್ಲ. ಅಮ್ಮ ಬದುಕಿಡೀ ನನ್ನನ್ನು ಏನೂ ಕೇಳಿದವಳಲ್ಲ. ಕೊನೆಯ ವರ್ಷ ಒಮ್ಮೆ ಮಾತ್ರ, ಯಾವುದೋ ಹುಡುಗಿಯ ರವಿಕೆಯ ಕಥೆಯ ನಡುವೆ, "ಸಾಕು ಬಾರೇ ಇನ್ನ" ಎಂದಿದ್ದಳು. ನಾನು ನೋಡೋಣ ಎಂದೆ. ಅವಳು ರವಿಕೆಯ ಕಥೆ ಮುಂದುವರಿಸಿದಳು.

"ನಾನು ವಾಪಸ್ ಬರೋದು ಬೇಕಿತ್ತು" ಎಂದೆ.

"ಹಾಗಾದರೆ ಹೇಳು."

"ಹೇಳಿದರೆ ಹೋಗಬೇಕಲ್ಲ."

ಈ ಭೂಮಿಯಲ್ಲಿ ಆ ಮಾತು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಅರ್ಥವಾದೀತು? ಹೋಗಲು ತುಮಕೂರಿನಲ್ಲಿ ಈಗ ಯಾರಿದ್ದಾರೆ, ಇರಲು ಇಲ್ಲಿ ಯಾರಿದ್ದಾರೆ ಎಂದು ನಿಂತಲ್ಲೇ ಯೋಚಿಸಿದೆ. ಎರಡಕ್ಕೂ ಒಂದೇ ಉತ್ತರ. ಬರುತ್ತೀನಮ್ಮ ಎಂದು ಒಂದು ಮಾತು, ಎಷ್ಟು ಹೊತ್ತಿನದು. ಬಾಯಿ ತೆರೆದೆ. ಗಾಳಿ ಒಳಗೆ ಹೋಯಿತೇ ಹೊರತು ಮಾತು ಹೊರಗೆ ಬರಲಿಲ್ಲ. ಕಾಗೆ ಇನ್ನೂ ಸ್ವಲ್ಪ ಹೊತ್ತು ಕಾದು, ಆಚೆ ದಡದ ಕಡೆಗೆ ಹಾರಿಹೋಯಿತು.

ಮೊಟ್ಟೆ ಇಲ್ಲದಿದ್ದರೂ ದ್ವೀಪದಲ್ಲಿ ಒಂದಗುಳೂ ಬಿಡಬಾರದೆಂಬ ರೂಢಿ ಕೈಬಿಡಲಿಲ್ಲ. ಅನ್ನ ಬಳಿದು ಡಬ್ಬಿಗೆ ಹಾಕಿಕೊಂಡೆ. ಬೋಟಿನಲ್ಲಿ, ಆಮೇಲೆ ಬಸ್ಸಿನಲ್ಲಿ, ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಮನೆ ತಲುಪಿದಾಗ ಇನ್ನೂ ಬೆಳಕಿತ್ತು, ಎದುರಿನ ಬಾಲ್ಕನಿಗಳಲ್ಲಿ ಜನ ಊಟಕ್ಕೆ ಕೂತಿದ್ದರು. ಅಮ್ಮನ ಅನ್ನವನ್ನು ಎಸೆಯಲು ಮನಸ್ಸಾಗಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ನಾನೇ ತಿಂದೆ.